ಬಾಯಿಗೆ ಬಟ್ಟೆ ಕಟ್ಟಿ ನಡೆದ ಮೆರವಣಿಗೆ

1942ರಲ್ಲಿ ಹಜಾರಿಬಾಗ್ ಸೆರೆಮನೆಯ ಗೋಡೆಯೇರಿ ಪಾರಾಗಿದ್ದ ಜಯಪ್ರಕಾಶ ನಾರಾಯಣರು (1902–1979) ಸ್ವಾತಂತ್ರ್ಯಾನಂತರ ಅಧಿಕಾರವನ್ನು ಬಯಸದೆ, 1954ರಲ್ಲಿ ವಿನೋಬಾರ ಭೂದಾನಕ್ಕೆ ಬಾಳನ್ನೇ ಮುಡಿಪಾಗಿಟ್ಟರು.

ಇತ್ತ ಬಿಹಾರದಲ್ಲಿ ಬೆಲೆಯೇರಿಕೆ, ಭ್ರಷ್ಟಾಚಾರಗಳಿಂದ ನೊಂದ ಜನರು ಮನೆಯೊಳಗೆ ಗೊಣಗುತ್ತ ಸುಮ್ಮನಿದ್ದರು. 1974ರ ಮಾರ್ಚಿನಲ್ಲಿ ವಿದ್ಯಾರ್ಥಿಗಳು ಸಿಡಿದೆದ್ದಾಗ ಪಾಟ್ನಾದಲ್ಲಿ ಬೆಂಕಿ, ಗೋಲಿಬಾರುಗಳಾದವು. ಎಪ್ಪತ್ತೊಂದು ವರ್ಷದ ಜೆ.ಪಿ.ಯವರು, ಹಿಂಸೆ ಕೂಡದೆಂಬ ಷರತ್ತಿನ ಮೇಲೆ ಮುಂದಾಳ್ತನಕ್ಕೆ ಒಪ್ಪಿದರು. ಏಪ್ರಿಲ್ 8ರಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗಳನ್ನು ಬೆನ್ನಹಿಂದಿರಿಸಿ, ಒಂದು ಘೋಷಣೆಯೂ ಇಲ್ಲದೆ ಮೆರವಣಿಗೆ ಸಾಗಿತು. ಅದೂ ಮೌನವೇ, ಆದರೆ ಗೊಣಗುವವರ ಮೌನವಲ್ಲ.

ನವೆಂಬರಿನಲ್ಲಿ ಲಾಠಿಯೇಟು, ಮರುವರ್ಷ ತುರ್ತು ಪರಿಸ್ಥಿತಿಯ ಸೆರೆವಾಸ. ಅಲ್ಲಿ ಮೂತ್ರಪಿಂಡಗಳು ಕೆಟ್ಟವು. 1977ರಲ್ಲಿ ಮತದಾರರು ಸರ್ಕಾರವನ್ನು ಬದಲಿಸಿದರೂ ಅವರು ಯಾವ ಪದವಿಯನ್ನೂ ಸ್ವೀಕರಿಸಲಿಲ್ಲ. ಗೆದ್ದವರು ಮಾತ್ರ ತಮ್ಮೊಳಗೇ ಕಚ್ಚಾಡಿ 1979ರ ಜುಲೈಯಲ್ಲಿ ಅಧಿಕಾರ ಕಳೆದುಕೊಂಡರು. ಅದನ್ನು ಕಂಡೇ ಜೆ.ಪಿ.ಯವರು ಅಕ್ಟೋಬರ್ 8ರಂದು ಪಾಟ್ನಾದಲ್ಲಿ ಕಣ್ಮುಚ್ಚಿದರು.