ಪ್ಲೇಗ್ ಲಸಿಕೆಯ ಹಾಫ್‌ಕಿನ್: ಒಂದು ಬಾಟಲಿಯ ತಪ್ಪಿಗೆ ಐದು ವರ್ಷದ ಕಳಂಕ

ಲಸಿಕೆ ಹಾಕಿಸಿಕೊಂಡ 19 ಜನ ಸತ್ತರು ಎಂಬ ಸಂದೇಶ ವಾಟ್ಸ್‌ಆ್ಯಪ್‌ಗೆ ಬಂದರೆ ನೀವು ಏನು ಮಾಡುತ್ತೀರಿ? 1902ರಲ್ಲಿ ಇದು ನಿಜವಾಗಿಯೇ ನಡೆದಿತ್ತು. ಸುದ್ದಿ ನಿಜ, ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಅದರ ಬೆಲೆ ತೆತ್ತವರು ವಾಲ್ಡೆಮಾರ್ ಹಾಫ್‌ಕಿನ್. ನಮ್ಮ ಹುಬ್ಬಳ್ಳಿ, ಗದಗ ಸೀಮೆಗೂ ಅವರಿಗೂ ನಂಟಿದೆ.

ಹಾಫ್‌ಕಿನ್ 1860ರಲ್ಲಿ ಈಗಿನ ಉಕ್ರೇನಿನ ಒಡೆಸಾದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಪ್ಯಾರಿಸ್ಸಿನಲ್ಲಿ ಕಾಲರಾ ಲಸಿಕೆ ತಯಾರಿಸಿ 1893ರಲ್ಲಿ ಭಾರತಕ್ಕೆ ಬಂದರು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಕೆಲವೇ ತಿಂಗಳಲ್ಲಿ ಅದಕ್ಕೂ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ನಂತರ ಬೈಕುಲಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ ಹಾಕಿ ಪರೀಕ್ಷಿಸಿದರು.

ಸರ್ಕಾರದ ದಾರಿ ಬೇರೆಯಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಮನೆ ಶೋಧಿಸುವುದು, ರೋಗಿಗಳನ್ನು ಎಳೆದೊಯ್ಯುವುದು ನಡೆಯಿತು. ಜನ ರೊಚ್ಚಿಗೆದ್ದರು. ಅದೇ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಗುಂಡಿಗೆ ಬಲಿಯಾದರು.

1898ರಲ್ಲಿ ಪ್ಲೇಗ್ ಹುಬ್ಬಳ್ಳಿಗೆ ಬಂತು. ಅಲ್ಲಿ ಹತ್ತಾರು ಸಾವಿರ ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಸಾವು ಎಂದು ಲೆಕ್ಕವಿಟ್ಟರು. ಲಸಿಕೆ ಪೂರ್ತಿ ರಕ್ಷೆ ಕೊಡಲಿಲ್ಲ, ಆದರೆ ಸಾವನ್ನು ಬಹಳಷ್ಟು ತಗ್ಗಿಸಿತು. ಧಾರವಾಡ, ಗದಗಗಳಲ್ಲೂ ಲಸಿಕೆ ಹಾಕಲಾಯಿತು. ಆಗ ಗದಗ, ಬೆಟಗೇರಿ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. ಸರ್ಕಾರಿ ಆದೇಶಕ್ಕೆ ಗಡಿಯಿತ್ತು, ಇಲಿಗಳಿಗೆ ಇರಲಿಲ್ಲ.

1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ ಐದು ಬಾಟಲಿಗಳಿಂದ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ ಅಷ್ಟೂ ಜನ ಒಂದೇ ಬಾಟಲಿಯ ಲಸಿಕೆ ಪಡೆದವರು. ಉಳಿದ 88 ಜನರಿಗೆ ಏನೂ ಆಗಲಿಲ್ಲ. ಆದರೂ ಮೊದಲ ತನಿಖೆ ಮುಂಬೈ ಪ್ರಯೋಗಾಲಯದತ್ತ ಬೆರಳು ಮಾಡಿತು. ಹಾಫ್‌ಕಿನ್ ಕೆಲಸ ಕಳೆದುಕೊಂಡರು.

ನಿಜ ನಂತರ ಹೊರಬಂತು. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಿದ್ದರು. ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಹಾಫ್‌ಕಿನ್ ಪರ ನಿಂತರು. 1907ರಲ್ಲಿ ಅವರು ಆರೋಪಮುಕ್ತರಾದರು. 1925ರಲ್ಲಿ ಆ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಟ್ಟರು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಆರೋಗ್ಯ ನೀತಿ ಕಚೇರಿಯಲ್ಲಿ ತಯಾರಾಗುತ್ತದೆ, ಅದು ಗೆಲ್ಲುವುದು ಅಥವಾ ಸೋಲುವುದು ಹಳ್ಳಿಯಲ್ಲಿ ಸೂಜಿ ಹಿಡಿದ ಕೈಯಲ್ಲಿ. ಅದಕ್ಕೇ ಇಂದು ಲಸಿಕೆಗೆ ಒಮ್ಮೆ ಮಾತ್ರ ಬಳಸುವ ಸಿರಿಂಜ್ ಇದೆ. ಲಸಿಕೆಯ ನಂತರ ಯಾರಿಗಾದರೂ ತೊಂದರೆಯಾದರೆ ವರದಿ ಮಾಡಿ ತನಿಖೆ ನಡೆಸುವ ವ್ಯವಸ್ಥೆಯೂ ಇದೆ.

ಮುಂದಿನ ಸಲ ಅಂಥ ಫಾರ್ವರ್ಡ್ ಬಂದರೆ ನಾವು ಮೂರು ಪ್ರಶ್ನೆ ಕೇಳೋಣ: ಒಟ್ಟು ಎಷ್ಟು ಜನರಿಗೆ ಹಾಕಿದ್ದರು? ಉಳಿದವರು ಹೇಗಿದ್ದಾರೆ? ತನಿಖೆ ಏನು ಹೇಳಿತು? ಉತ್ತರ ಇಲ್ಲದಿದ್ದರೆ ಮುಂದೆ ಕಳಿಸುವುದು ಬೇಡ. ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳೋಣ.