ಸಾಮಾನ್ಯರ ಮುಖಕ್ಕೆ ಬೆಲೆ ತಂದ ಸತ್ಯನ್

ಕ್ಯಾಮರಾ ಒಂದು ಯಂತ್ರ. ಗುಂಡಿ ಒತ್ತಿದರೆ ಚಿತ್ರ ತಾನೇ ಮೂಡುತ್ತದೆ. ಇದರಲ್ಲಿ ಕಲೆ ಎಲ್ಲಿ ಬಂತು? 1839ರಲ್ಲಿ ಪ್ಯಾರಿಸಿನಲ್ಲಿ ಛಾಯಾಗ್ರಹಣದ ವಿಧಾನವನ್ನು ಲೋಕಕ್ಕೆ ಸಾರಿದ ಕಾಲದಿಂದಲೂ ಈ ಪ್ರಶ್ನೆ ಇದೆ. ಬೆಟ್ಟ, ಮೋಡ, ಜಲಪಾತಗಳ ಪಟವನ್ನು ಕಲೆಯೆಂದು ಮೆಚ್ಚುವವರೂ, ಇದ್ದವರನ್ನು ಇದ್ದಂತೆ ತೋರುವ ಭಾವಚಿತ್ರವನ್ನು ಬರಿಯ ದಾಖಲೆಯೆಂದು ಬದಿಗಿಡುವುದುಂಟು. ಈ ಪ್ರಶ್ನೆಗೆ ತಮ್ಮ ದುಡಿಮೆಯಿಂದಲೇ ಉತ್ತರ ಕೊಟ್ಟ ಕನ್ನಡಿಗರು ದಿವಂಗತ ಟಿ. ಎಸ್. ಸತ್ಯನ್.

ಸತ್ಯನ್ ಅವರು 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದರು. ಮಹಾರಾಜ ಕಾಲೇಜಿನಲ್ಲಿ ಓದಿದರು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಛಾಯಾಗ್ರಾಹಕರಾದರು. ಅಲ್ಲಿಂದ ಮುಂಬಯಿಯ 'ಇಲ್ಲಸ್ಟ್ರೇಟೆಡ್ ವೀಕ್ಲಿ' ಸೇರಿ, ಬಳಿಕ ಸಂಬಳದ ಹಂಗು ತೊರೆದು ಸ್ವತಂತ್ರವಾಗಿ ದುಡಿದರು. ಅವರ ಚಿತ್ರಗಳು 'ಲೈಫ್'ನಂತಹ ವಿದೇಶೀ ಪತ್ರಿಕೆಗಳಲ್ಲಿಯೂ ಅಚ್ಚಾದವು. ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ಸತ್ಯನ್ನರ ಆಪ್ತರು. ನಾರಾಯಣರ ಅನೇಕ ಭಾವಚಿತ್ರಗಳು ಇವರ ಕೈಯಿಂದ ಮೂಡಿದವು.

ಆದರೆ ಸತ್ಯನ್ನರ ಹಿರಿಮೆ ದೊಡ್ಡವರ ಪಟಗಳಿಂದಷ್ಟೇ ಬಂದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕಾರ್ಯವನ್ನು ಅವರು ಚಿತ್ರಿಸಿದರು. ಯುನಿಸೆಫ್‌ಗಾಗಿ ಮಕ್ಕಳ ಬಾಳನ್ನು ಸೆರೆಹಿಡಿದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಚಿತ್ರಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರನ್ನು ಅರಸಿ ಬಂದಿತ್ತು.

ಇಲ್ಲಿ ವಯನಾಡಿನವರಾದ ನಾವು ಒಂದನ್ನು ನೆನೆಯಬೇಕು. ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ಹೊರತಂದ. ಪಣಿಯರು, ಕುರುಬರು ಮೊದಲಾದ ನಮ್ಮ ನೆರೆಹೊರೆಯವರು ಅದರಲ್ಲಿದ್ದಾರೆ. ಜನರನ್ನು ನಿಲ್ಲಿಸಿ, ಮೂಗು ತಲೆಗಳನ್ನು ಅಳೆದು, ಪಟ ತೆಗೆದು, ಜಾತಿಯ ಮಾದರಿಯೆಂದು ಹೆಸರಿಸಿದ ಕೆಲಸವದು. ಅದೂ ದಾಖಲೆಯೇ. ಸತ್ಯನ್ನರ ಕೈಯಲ್ಲಿದ್ದುದೂ ಅಂಥದೇ ಯಂತ್ರ. ಆದರೆ ಅವರ ಚಿತ್ರದಲ್ಲಿ ಮಗು ಯಾವ ಮಾದರಿಯೂ ಅಲ್ಲ, ಮಗುವೇ. ಬಡವನು ಕರುಣೆ ಬೇಡುವ ವಸ್ತುವಲ್ಲ, ಮನುಷ್ಯನೇ. ಎಷ್ಟು ಹತ್ತಿರ ಹೋಗಬೇಕು, ಯಾವ ಗಳಿಗೆಗೆ ಕಾಯಬೇಕು, ಯಾವುದನ್ನು ತೆಗೆಯದೆ ಬಿಡಬೇಕು ಎಂಬುದನ್ನು ಯಂತ್ರ ಹೇಳದು. ಅದನ್ನು ಬಲ್ಲುದೇ ಕಲೆಯೆಂದು ನಮ್ಮ ಅಭಿಪ್ರಾಯ. ಸತ್ಯಕ್ಕೆ ಕಟ್ಟುಬಿದ್ದ ಮಾತ್ರಕ್ಕೆ ಅದು ಕಲೆಯಾಗದೆ ಹೋಗುವುದಿಲ್ಲ.

ಹಲವು ವರ್ಷ ದೆಹಲಿಯಲ್ಲಿದ್ದ ಸತ್ಯನ್ ಮೈಸೂರಿಗೆ ಮರಳಿ, ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ' ಬರೆದರು. 2009ರ ಡಿಸೆಂಬರ್ 13ರಂದು ತೀರಿಕೊಂಡರು.

ಕೇಣಿಚಿರದಂತಹ ಊರುಗಳ ಕನ್ನಡ ಮನೆಗಳಲ್ಲಿ ಎಷ್ಟೋ ಅಜ್ಜ ಅಜ್ಜಿಯರ ಮುಖ ಉಳಿದಿರುವುದು ಗುರುತಿನ ಚೀಟಿಯಲ್ಲಿ ಮಾತ್ರ. ಸರಕಾರಕ್ಕೆ ಅಷ್ಟು ಸಾಕು, ಮೊಮ್ಮಕ್ಕಳಿಗೆ ಸಾಲದು. ಇಂದು ಮಕ್ಕಳ ಕೈಗೂ ಮೊಬೈಲು ಬಂದಿದೆ. ಹಿರಿಯರನ್ನು ಅವರು ದುಡಿವ ಕಣದಲ್ಲಿ, ಕೂರುವ ಜಗಲಿಯಲ್ಲಿ, ಅವರ ಒಪ್ಪಿಗೆ ಕೇಳಿ, ಅವಸರವಿಲ್ಲದೆ ಚಿತ್ರಿಸಲಿ. ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ಇಸವಿಗಳನ್ನು ಕನ್ನಡದಲ್ಲಿಯೇ ಬರೆದಿಡಲಿ. ಮಾತು ಮರೆಯುತ್ತಿರುವ ನಾಡಿನಲ್ಲಿ ಅದೂ ಒಂದು ಭಾಷಾಸೇವೆ. ಸತ್ಯನ್ನರಿಗೆ ನಾವು ಸಲ್ಲಿಸಬಹುದಾದ ಗೌರವವೂ ಹೌದು.