ಪಿಚ್ ಗುಡಿಸಿದ ಕೈಗೆ 114 ವಿಕೆಟ್

ಭಾರತ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೋದರೆ ಸಾಕು, ನಮ್ಮ ಪುತ್ತೂರು, ಸುಳ್ಯ, ಕಡಬದ ಬಸ್ ನಿಲ್ದಾಣಗಳಲ್ಲಿ ಒಂದೊಂದು ಮೊಬೈಲ್ ಸುತ್ತ ನಾಲ್ಕು ತಲೆ ಸೇರುತ್ತವೆ. ಬಸ್ ಬಂದು ಹೋದದ್ದೂ ಗೊತ್ತಾಗುವುದಿಲ್ಲ. ನಾನೂ ಆ ಗುಂಪಿನವನೇ. ಆದರೆ ಅಲ್ಲಿಗೆ ಹೋದ ಮೊದಲ ಅಖಿಲ ಭಾರತ ತಂಡದ ಅತ್ಯುತ್ತಮ ಬೌಲರ್ ನಮ್ಮ ಧಾರವಾಡದಲ್ಲಿ ಹುಟ್ಟಿದವರು ಎಂಬುದು ನನಗೆ ತಿಳಿದದ್ದು ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕುಳಿತಾಗ. ಅವರ ಹೆಸರು ಪಾಲ್ವಣಕರ್ ಬಾಲೂ.

1870ರ ದಶಕದಲ್ಲಿ ಹುಟ್ಟಿದ ಬಾಲೂ, ಅಂದಿನ ಸಮಾಜ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚಮ್ಮಾರ ಸಮುದಾಯದವರು. ಕುಟುಂಬ ಪುಣೆಗೆ ಹೋಯಿತು. ಸೇನಾಧಿಕಾರಿಗಳು ಬಿಸಾಡಿದ ಬ್ಯಾಟು, ಚೆಂಡುಗಳಲ್ಲೇ ಅಣ್ಣತಮ್ಮಂದಿರು ಆಟ ಕಲಿತರು. ಬಾಲೂ ಅವರಿಗೆ ಸಿಕ್ಕ ಮೊದಲ ಕೆಲಸ ಪಾರ್ಸಿ ಕ್ಲಬ್ ಒಂದರಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್‌ನಲ್ಲಿ 4 ರೂಪಾಯಿ.

ಅಲ್ಲಿ ಬ್ರಿಟಿಷ್ ಆಟಗಾರರಿಗೆ ಅಭ್ಯಾಸಕ್ಕೆ ಬೌಲಿಂಗ್ ಮಾಡುವ ಕೆಲಸವೂ ಅವರ ಪಾಲಿಗೆ ಬಂತು. ಕ್ಯಾಪ್ಟನ್ ಗ್ರೇಗ್ ಎಂಬ ಪ್ರಸಿದ್ಧ ಬ್ಯಾಟ್ಸ್‌ಮನ್‌ಗೆ ಅವರು ಗಂಟೆಗಟ್ಟಲೆ ಚೆಂಡು ಎಸೆಯುತ್ತಿದ್ದರು. ಹಾಗೆ ಎಸೆದು ಎಸೆದೇ ಅವರ ಎಡಗೈ ಸ್ಪಿನ್ ಹದಗೊಂಡಿತು. ಆದರೆ ಬ್ಯಾಟ್ ಮಾತ್ರ ಅವರ ಕೈಗೆ ಸಿಗುತ್ತಿರಲಿಲ್ಲ. ಬ್ಯಾಟಿಂಗ್ ದೊರೆಗಳದ್ದು, ಬೌಲಿಂಗ್ ಆಳಿನದ್ದು ಎಂಬ ಲೆಕ್ಕ!

ಯುರೋಪಿಯನ್ನರನ್ನು ಸೋಲಿಸಬೇಕೆಂದಿದ್ದ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ವಿರಾಮ ಬಂತೆಂದರೆ ಬಾಲೂ ಪೆವಿಲಿಯನ್ ಹೊರಗೆ. ಅವರಿಗೆ ಚಹಾ ಕೊಡುತ್ತಿದ್ದುದು ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ. ಊಟವೂ ಬೇರೆಯೇ. ಇದನ್ನು ಓದಿದ ದಿನ ನನಗೆ ಪುಸ್ತಕದ ಮುಂದಿನ ಪುಟ ತಿರುಗಿಸಲು ಮನಸ್ಸಾಗಲಿಲ್ಲ.

ಮುಂದೆ ಬಾಂಬೆಗೆ ಹೋದ ಅವರು ರೈಲ್ವೆ ತಂಡದಲ್ಲೂ ಹಿಂದೂ ತಂಡದಲ್ಲೂ ಆಡಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಲೂ ಮತ್ತು ತಮ್ಮ ಶಿವರಾಂ ಇಬ್ಬರೂ ಆ ತಂಡದಲ್ಲಿದ್ದರು.

1911ರಲ್ಲಿ ಬಂತು ಇಂಗ್ಲೆಂಡ್ ಪ್ರವಾಸ. ಪಾರ್ಸಿಗಳ ತಂಡ ಅದಕ್ಕೂ ಮೊದಲೇ ಅಲ್ಲಿಗೆ ಹೋಗಿತ್ತಾದರೂ ಹಿಂದೂ, ಮುಸ್ಲಿಂ, ಪಾರ್ಸಿ, ಸಿಖ್ ಆಟಗಾರರು ಒಟ್ಟಾಗಿ ಹಡಗು ಹತ್ತಿದ್ದು ಅದೇ ಮೊದಲು. ನಾಯಕ ಪಟಿಯಾಲದ ಯುವ ಮಹಾರಾಜ ಭೂಪಿಂದರ್ ಸಿಂಗ್. ಆ ವರ್ಷ ಲಂಡನ್ನಿನಲ್ಲಿ ಐದನೇ ಜಾರ್ಜ್ ಪಟ್ಟಾಭಿಷೇಕ. ಮಹಾರಾಜರು ಕೆಲವು ಪಂದ್ಯ ಆಡಿ ಔತಣಕೂಟಗಳತ್ತ ನಡೆದರು. ತಂಡ ಸಾಲು ಸಾಲು ಸೋಲು ಕಂಡಿತು. ಒಟ್ಟು 23 ಪಂದ್ಯಗಳಲ್ಲಿ ಗೆಲುವು 6, ಸೋಲು 15, ಡ್ರಾ 2.

ಆ ಸೋಲುಗಳ ನಡುವೆ, 35ರ ಆಸುಪಾಸಿನ ಬಾಲೂ ಭುಜದ ನೋವು ನುಂಗಿಕೊಂಡು ಬೌಲಿಂಗ್ ಮಾಡುತ್ತಲೇ ಇದ್ದರು. ಪ್ರವಾಸ ಮುಗಿದಾಗ ಅವರ ಹೆಸರಲ್ಲಿ 114 ವಿಕೆಟ್‌ಗಳಿದ್ದವು. ಅದರಲ್ಲಿ 75 ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಂದವು. ಕೈಬಿಟ್ಟು ಕುಳಿತುಕೊಳ್ಳಲು ಅವರಿಗೆ ನೂರು ನೆಪಗಳಿದ್ದವು. ಅವರು ಒಂದನ್ನೂ ಬಳಸಲಿಲ್ಲ.

ಇಲ್ಲಿಗೆ ಕಥೆ ಮುಗಿಸಿದರೆ, ಕಷ್ಟಪಟ್ಟರೆ ಫಲ ಉಂಟು ಎಂದು ನಾವು ಚಪ್ಪಾಳೆ ತಟ್ಟಬಹುದು. ಆದರೆ ಇಷ್ಟೆಲ್ಲ ಸಾಧಿಸಿದರೂ ಹಿಂದೂ ತಂಡದ ನಾಯಕತ್ವ ಬಾಲೂ ಅವರಿಗೆ ಸಿಗಲೇ ಇಲ್ಲ. 1920ರಲ್ಲಿ ಅವರನ್ನು ಕಡೆಗಣಿಸಿದ್ದನ್ನು ಪ್ರತಿಭಟಿಸಿ ತಮ್ಮಂದಿರಾದ ಶಿವರಾಂ ಮತ್ತು ವಿಠ್ಠಲ್ ತಂಡದಿಂದ ಹೊರನಡೆದರು. ಮುಂದಿನ ಪಂದ್ಯಕ್ಕೆ ಬಾಲೂ ಉಪನಾಯಕರಾದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು. ಪ್ರತಿಭೆಯೊಂದೇ ಆ ಬಾಗಿಲು ತೆರೆಯಲಿಲ್ಲ, ಎದ್ದು ನಿಂತು ಕೇಳಬೇಕಾಯಿತು.

ಆಟ ಬಿಟ್ಟ ಮೇಲೆ ಬಾಲೂ ರಾಜಕೀಯಕ್ಕೂ ಇಳಿದರು. ತಮ್ಮನ್ನು ಮೆಚ್ಚಿಕೊಂಡಿದ್ದ ಡಾ. ಅಂಬೇಡ್ಕರ್ ಅವರ ಎದುರೇ 1937ರ ಚುನಾವಣೆಯಲ್ಲಿ ನಿಂತು ಸೋತರು. 1955ರಲ್ಲಿ ತೀರಿಕೊಂಡರು.

ನಮ್ಮಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಅಂಡರ್‌ಆರ್ಮ್ ಪಂದ್ಯ ಇರುತ್ತದಲ್ಲ, ಅಲ್ಲಿ ನಾನು ಕೆಲವು ಕಾಲ ಕ್ಯಾಪ್ಟನ್ ಆಗಿದ್ದೆ. ಪಿಚ್‌ಗೆ ನೀರು ಹಾಕಿ ಗಟ್ಟಿ ಮಾಡಲು, ತೋಡಿಗೆ ಬಿದ್ದ ಚೆಂಡು ತರಲು ಒಬ್ಬ ಹುಡುಗ ಬರುತ್ತಿದ್ದ. ನೆಟ್ಸ್‌ನಲ್ಲಿ ನನಗೇ ಎಷ್ಟೋ ಸಲ ಬೌಲಿಂಗ್ ಮಾಡಿದ್ದಾನೆ. ತಂಡದ ಪಟ್ಟಿ ಬರೆಯುವಾಗ ಅವನ ಹೆಸರು ನನ್ನ ನೆನಪಿಗೆ ಬರುತ್ತಿರಲಿಲ್ಲ. ಅವನೂ ಕೇಳಲಿಲ್ಲ, ನಾನೂ ಕರೆಯಲಿಲ್ಲ. ಬಾಲೂ ಅವರ ಬದುಕು ಓದಿದ ಮೇಲೆ ನನ್ನ ಕಣ್ಣ ಮುಂದೆ ನಿಂತದ್ದು ಅವನೇ.

ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ನಾವೆಲ್ಲ, ನಮಗೊಂದು ಅವಕಾಶ ಸಿಗಲಿ ಎನ್ನುತ್ತೇವೆ. ಬಾಲೂ ಅವರಿಂದ ನಾನು ಕಲಿತದ್ದು ಎರಡು. ಸಿಕ್ಕ ಕೆಲಸ ಪಿಚ್ ಗುಡಿಸುವುದೇ ಆದರೂ ಕಲಿಕೆ ನಿಲ್ಲಿಸಬಾರದು. ಇನ್ನೊಂದು, ಅವಕಾಶ ಕೊಡುವ ಜಾಗದಲ್ಲಿ ನಾವಿದ್ದಾಗ ಪಕ್ಕದಲ್ಲಿ ರೋಲರ್ ಎಳೆಯುತ್ತಿರುವವನನ್ನು ಮರೆಯಬಾರದು. ಈ ಸಲ ಗದ್ದೆ ಕೊಯ್ಲು ಮುಗಿಯಲಿ. ಆ ಹುಡುಗನ ಕೈಗೆ ಮೊದಲು ಬ್ಯಾಟ್ ಕೊಡುತ್ತೇನೆ.